ಬನಹಳ್ಳಕ್ಕೊಂದು ಬಣ್ಣ

ರೋಗ ಬರುವ ಮೊದಲೇ ಅದು ಯಾವ ಓಣಿಗೆ ಬರುತ್ತದೆಂದು ಹೇಳಬಲ್ಲ ಯಂತ್ರವೊಂದಿದ್ದರೆ ಏನಾದೀತು? ರೋಗದ ಮಾತು ಆಮೇಲಿರಲಿ, ಮೊದಲು ಯಂತ್ರ ಕಟ್ಟಿದವರ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ನನ್ನವು ನಿಂತಿರಲಿಲ್ಲ.

೨೦೪೮ರ ಡಿಸೆಂಬರ್. ಜಿಲ್ಲಾ ಯೋಜನಾ ಕೇಂದ್ರದ ಮೂರನೇ ಮಹಡಿಯಲ್ಲಿ ನಮ್ಮ ನಿಯಂತ್ರಣ ಕೊಠಡಿ. ಅದರ ಒಂದು ಇಡೀ ಗೋಡೆಯೇ ಜಿಲ್ಲೆಯ ನಕ್ಷೆ. ನಕ್ಷೆಗೆ ಬಣ್ಣ ಹಚ್ಚುವ ಯಂತ್ರಕ್ಕೆ ಮುನ್ನೋಟ ಎಂದು ಹೆಸರು. ಯಾವ ಊರಿನಲ್ಲಿ ಮುಂದಿನ ವರ್ಷ ಎಚ್‌ಐವಿ ಹರಡಬಹುದೋ ಅಲ್ಲಿ ಕೆಂಪು, ಅನುಮಾನವಿದ್ದಲ್ಲಿ ಹಳದಿ, ಭಯವಿಲ್ಲದಲ್ಲಿ ಬಿಳಿ. ಬಣ್ಣ ನೋಡಿಕೊಂಡು ನಾವು ಸೂಜಿಯ ವ್ಯಾನು, ಆಪ್ತಸಮಾಲೋಚಕರು, ಹಾಸಿಗೆ ಹಿಡಿದವರಿಗೆ ಊಟ, ಆಸ್ಪತ್ರೆಗೆ ಜೊತೆಗೆ ಹೋಗುವವರು, ಎಲ್ಲವನ್ನೂ ಹಂಚುತ್ತಿದ್ದೆವು. ಆರು ತಿಂಗಳಿಗೊಮ್ಮೆ ತೋಳಿಗೆ ಚುಚ್ಚುವ ಆ ಸೂಜಿ, ವೈರಸ್ ಇರುವವರಲ್ಲಿ ಅದನ್ನು ಇನ್ನೊಬ್ಬರಿಗೆ ದಾಟದಷ್ಟು ತಗ್ಗಿಸಿಡುತ್ತದೆ, ಇಲ್ಲದವರ ಒಳಗೆ ಬರಗೊಡುವುದಿಲ್ಲ. ಆದರೆ ಹೊತ್ತು ತಪ್ಪಿಸಿದರೆ ಅದೂ ಕೈಬಿಡುತ್ತದೆ.

ಮುನ್ನೋಟಕ್ಕೆ ಈ ಬುದ್ಧಿ ಬಂದದ್ದು ಎರಡು ಕಡೆಯಿಂದ. ಆಸ್ಪತ್ರೆಗಳು ಕಳಿಸುವ ರಕ್ತಪರೀಕ್ಷೆಯ ಮೊತ್ತ ಒಂದು. ಇನ್ನೊಂದು ಜನರ ಫೋನುಗಳ ಓಡಾಟ. ಹೆಸರು, ನಂಬರು ತೆಗೆದುಹಾಕಿದ ಬರೀ ಚುಕ್ಕೆಗಳು. ಯಾವ ಓಣಿಯ ಚುಕ್ಕೆ ಎಲ್ಲಿ ಅಲೆಯಿತು, ಎಷ್ಟು ಹೊತ್ತು ತಂಗಿತು ಎನ್ನುವುದರಿಂದ ಅದು ಅಪಾಯವನ್ನು ಲೆಕ್ಕ ಹಾಕುತ್ತಿತ್ತು. ಫೋನು ಇದ್ದಲ್ಲಿ ಮನುಷ್ಯ ಇರುತ್ತಾನೆ ಎಂಬ ಮೂಲ ಸೂತ್ರವನ್ನು ಬರೆದದ್ದು ನಾನೇ. ಅದಕ್ಕೆ ನನಗೆ ಬಡ್ತಿಯೂ ಸಿಕ್ಕಿತ್ತು.

ಆ ಬೆಳಿಗ್ಗೆ ಬನಹಳ್ಳ ತಾಲ್ಲೂಕು ಬಿಳಿಯಾಯಿತು. ಮೂವತ್ತು ವರ್ಷ ಜಿಲ್ಲೆಯ ಕೆಂಪು ಚುಕ್ಕೆಯಾಗಿದ್ದ ಊರು! ಕೊಠಡಿಯ ತುಂಬ ಚಪ್ಪಾಳೆ.

ನಮ್ಮ ಮುಖ್ಯಸ್ಥರು ಡಾಕ್ಟರ್ ಚಿದಂಬರ. ಮೈಸೂರಿನ ಕಡೆಯವರು, ಸಂಖ್ಯೆ ಸುಳ್ಳು ಹೇಳುವುದಿಲ್ಲ ಎಂದು ನಂಬಿದ ಪ್ರಾಮಾಣಿಕ ಮನುಷ್ಯ. "ನೋಡ್ರಪ್ಪ, ಹೊಳೆ ಓಣಿಯಿಂದ ಹೆದ್ದಾರಿ ಕಡೆಗೆ ಒಂದು ಚುಕ್ಕೇನೂ ಹೋಗ್ತಿಲ್ಲ. ದಂಧೆನೇ ನಿಂತೋಗಿದೆ. ಆರು ವರ್ಷದಿಂದ ಹೊಸ ಸೋಂಕು ಸೊನ್ನೆ, ಹಳೇವೆಲ್ಲ ಈ ವರ್ಷ ಲೆಕ್ಕದಿಂದ ಆಚೆ ಹೋದ್ವು. ಅಲ್ಲಿನ ಸಂಘದ ಮನೆ ಇನ್ಯಾಕೆ? ಜನವರಿ ಮೊದಲನೇ ತಾರೀಕಿಗೆ ಮುಚ್ಚಿ, ವ್ಯಾನನ್ನ ಕೆಂಪು ತಾಲ್ಲೂಕಿಗೆ ಕಳ್ಸೋಣ" ಎಂದರು.

ಎಲ್ಲರೂ ನನ್ನ ಕೈ ಕುಲುಕಿದರು. ನಾನೂ ನಕ್ಕೆ. ಆ ಹೊಳೆ ಓಣಿಯಲ್ಲೇ ನಾನು ಹುಟ್ಟಿದ್ದು ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನ್ನವ್ವ ಅದೇ ಹೆದ್ದಾರಿಯಲ್ಲಿ ದುಡಿದವಳು, ನಾನು ಅವಳ ಹೊಟ್ಟೆಯಿಂದ ಎಚ್‌ಐವಿಯನ್ನೂ ಹೊತ್ತುಕೊಂಡೇ ಬಂದವಳು ಎನ್ನುವುದಂತೂ ದೂರದ ಮಾತು. ನನ್ನ ಸೂಜಿಯನ್ನು ನಾನು ಪರಜಿಲ್ಲೆಯ ಆಸ್ಪತ್ರೆಗೆ ಹೋಗಿ ಹಾಕಿಸಿಕೊಂಡು ಬರುತ್ತಿದ್ದೆ. ಆಫೀಸಿನಲ್ಲಿ ನಾನು ನೀಲಾಂಬಿಕಾ ಮೇಡಂ. ಬನಹಳ್ಳ ಬಸ್ಸಿನಲ್ಲಿ ಒಂದೂವರೆ ತಾಸಿನ ದಾರಿ. ಹನ್ನೆರಡು ವರ್ಷದಿಂದ ಆ ಬಸ್ಸು ಹತ್ತಿರಲಿಲ್ಲ.

ಮೂರನೇ ದಿನ ಕಾಶವ್ವನೇ ಬಂದಳು.

ಅರವತ್ತೆಂಟರ ಹೆಂಗಸು, ತಲೆಯ ಮೇಲೊಂದು ದೊಡ್ಡ ಗಂಟು. ಗೇಟಿನವನು ತಡೆದನಂತೆ. ಗಂಟಿನಲ್ಲಿ ಏನಿದೆ ಎಂದು ಕೇಳಿದರೆ "ಹೊಚಗೊಳ್ಳೂ ಕೌದಿ ಐತಪಾ, ಥಂಡಿ ಆಗೇತೇನ್ ನಿನಗ?" ಅಂದಳಂತೆ. ಮೂರು ಮಹಡಿ ಹತ್ತಿ, ಏದುಸಿರು ಬಿಡುತ್ತ ಚಿದಂಬರರ ಎದುರು ನಿಂತಳು. ದಂಧೆಗೆ ಹೋಗುವ ಹೆಂಗಸರ ಜೊತೆಗಾತಿ ಸಂಘ ಕಟ್ಟಿದವಳು ಅವಳು. ನನ್ನವ್ವ ಸತ್ತಾಗ ನನಗೆ ಒಂಬತ್ತು ವರ್ಷ. ಅಲ್ಲಿಂದ ಇಪ್ಪತ್ತರವರೆಗೆ ಅವಳ ಮನೆಯ ರೊಟ್ಟಿಯೇ ನನ್ನನ್ನು ಸಾಕಿದ್ದು.

ಕಾಶವ್ವ ನನ್ನನ್ನು ಒಮ್ಮೆ ನೋಡಿದಳು. ಗೋಡೆ ನೋಡಿದಂತೆ ನೋಡಿ ಮುಖ ತಿರುಗಿಸಿದಳು. ಸಂಘದ ಮೊದಲ ಪಾಠ ಅದು. ಓಣಿಯವರು ಹೊರಗೆ ಎಲ್ಲೇ ಸಿಗಲಿ, ಅವರಾಗಿ ಮಾತಾಡಿಸುವ ತನಕ ಗುರುತು ಹಿಡಿಯಬಾರದು. ಸಾಕಿದ ಮಗಳಿಗೂ ಅವಳು ಆ ಪಾಠ ಮುರಿಯಲಿಲ್ಲ.

"ಸಾಹೇಬ್ರ, ನಮ್ಮನ್ನ ಬಿಳೀ ಮಾಡೀರಂತ. ನಾವೇನ್ ಸುಣ್ಣ ಹಚ್ಚೂ ಗ್ವಾಡಿ ಏನ್ರಿ? ಸಂಕ್ರಾಂತಿ ಮುಂದ ನಮ್ಮ ಸೂಜಿ ಪಾಳಿ ಐತಿ. ಇನ್ನೂರಾ ಹನ್ನೊಂದು ಮಂದಿ. ವ್ಯಾನ ಒಯ್ದ್ರ ಅವರೆಲ್ಲಾ ಏನ್ ಮಾಡಬೇಕು?"

"ತಾಲ್ಲೂಕು ಆಸ್ಪತ್ರೆಗೆ ಹೋಗ್ಬಹುದಲ್ಲಮ್ಮ."

"ಹಗಲೊತ್ತು ಪಾಳೆದಾಗ ನಿಂತು ಊರ ಮಂದಿ ಕೈಲೆ ಅನಿಸ್ಕೊಂಡು ಬರೂದಾದ್ರ ಅರ್ಧ ಮಂದಿ ಹೋಗಂಗಿಲ್ರಿ. ಮೂವತ್ತು ವರ್ಷ ಅದನ್ನ ನೋಡೇನಿ. ಮತ್ತ ದಂಧೆ ನಿಂತೈತಿ ಅಂತ ನಿಮಗ ಹೇಳಿದವ್ರ್ಯಾರು?"

"ಯಂತ್ರ ಹೇಳ್ತಿದೆ."

"ಹಂಗಾರ ಅದಕ್ಕೊಂದು ಕಣ್ಣಿನ ಡಾಕ್ಟರನ್ನ ತೋರಸ್ರಿ."

ಚಿದಂಬರ ಕೋಪಿಸಿಕೊಳ್ಳಲಿಲ್ಲ. ಹತ್ತು ದಿನದಲ್ಲಿ ಯೋಜನಾ ಸಭೆ ಇದೆ, ಅಷ್ಟರೊಳಗೆ ಪುರಾವೆ ಕೊಟ್ಟರೆ ನೋಡೋಣ ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನೀವೇ ಹೋಗಿ ನೋಡ್ಕೊಂಡು ಬನ್ನಿ ನೀಲಾಂಬಿಕಾ. ಸೂತ್ರ ನಿಮ್ದಲ್ವಾ?" ಎಂದರು.

ಮಾರನೆಯ ದಿನ ಹನ್ನೊಂದರ ಸುಮಾರಿಗೆ ಹೊಳೆ ಓಣಿಗೆ ಹೋದೆ. ಸಂಘದ ಮನೆ ಅದೇ ಇತ್ತು. ಪಡಸಾಲೆ, ಒಳಗೆ ಸೂಜಿ ಹಾಕುವ ಕೋಣೆ, ಹಿತ್ತಲಲ್ಲಿ ಒಲೆ. ಒಲೆಯ ಮೇಲೆ ಹೆಸರುಬೇಳೆ ಕುದಿಯುತ್ತಿತ್ತು. ಹಾಸಿಗೆ ಹಿಡಿದ ಮೂವರಿಗೆ ಡಬ್ಬಿ ಹೋಗಬೇಕಿತ್ತು.

ಪಡಸಾಲೆಯ ಬಾಗಿಲಲ್ಲಿ ಕಾಶವ್ವ ರೊಟ್ಟಿ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ದುಡಿಯಲು ಹೊರಟ ಹೆಂಗಸರು ಒಬ್ಬೊಬ್ಬರಾಗಿ ಬಂದು ತಮ್ಮ ಫೋನನ್ನು ಆ ಬುಟ್ಟಿಯೊಳಗೆ ಹಾಕಿ, ಬದಲಿಗೆ ನಾಲ್ಕು ಕಾಂಡೋಮಿನ ಪೊಟ್ಟಣ ತೆಗೆದುಕೊಂಡು, ಜೋಡಿ ಜೋಡಿಯಾಗಿ ಹೆದ್ದಾರಿಯ ಕಡೆಗೂ ಸಕ್ಕರೆ ಕಾರ್ಖಾನೆಯ ರಸ್ತೆಗೂ ಹೋದರು. ಕಬ್ಬು ನುರಿಸುವ ಕಾಲ, ಲಾರಿಗಳ ಸಾಲು ಮೂರು ಮೈಲಿ ಇರುತ್ತದೆ. ಅಲ್ಲಿಗೆ ಹೋದವರು ಕೆಲವೊಮ್ಮೆ ಎರಡು ದಿನ ಬಿಟ್ಟು ಬರುತ್ತಾರೆ.

ನಾನು ಬುಟ್ಟಿಯನ್ನೇ ನೋಡುತ್ತ ನಿಂತೆ. ಒಂದರ ಮೇಲೊಂದು ಫೋನು. ಎಣಿಸಿದೆ. ಅರವತ್ತಮೂರು.

ನನಗೆ ನನ್ನ ಮೇಲೇ ರೇಗಿತು. ಇದು ನಾನು ಕಾಣದ ಸಂಗತಿಯೇ? ನಾನು ತೀರ ಚಿಕ್ಕವಳಿದ್ದಾಗ ಒಬ್ಬ ಗಿರಾಕಿ ಒಬ್ಬಾಕೆಯ ಫೋನು ಕಸಿದು, ಅದರಲ್ಲಿದ್ದ ಮಕ್ಕಳ ಫೋಟೋ, ಶಾಲೆಯ ನಂಬರು ಹಿಡಿದು ವರ್ಷಗಟ್ಟಲೆ ಹೆದರಿಸಿದ್ದ. ಅಂದಿನಿಂದ ಸಂಘದಲ್ಲಿ ನಿಯಮವಾಯಿತು: ದಂಧೆಗೆ ಹೋಗುವಾಗ ಫೋನು ಬುಟ್ಟಿಗೆ. ನನ್ನವ್ವನ ಫೋನೂ ಇದೇ ಬುಟ್ಟಿಯಲ್ಲಿರುತ್ತಿತ್ತು. ಶಾಲೆಯಿಂದ ನಾನು ಕರೆ ಮಾಡಿದರೆ ಕಾಶವ್ವನೇ ಎತ್ತಿ "ನಿಮ್ಮವ್ವ ಜಳಕಕ್ಕ ಹೋಗ್ಯಾಳವಾ" ಅನ್ನುತ್ತಿದ್ದಳು. ನಮ್ಮವ್ವನಷ್ಟು ಜಳಕ ಮಾಡುವವರು ಜಿಲ್ಲೆಯಲ್ಲೇ ಇಲ್ಲ ಎಂದು ನಾನು ನಂಬಿದ್ದೆ. ಫೋನು ಇದ್ದಲ್ಲಿ ಮನುಷ್ಯ ಇರುತ್ತಾನೆ! ಜಗತ್ತಿನಲ್ಲಿ ಯಾರು ಈ ಸೂತ್ರ ಬರೆದರೂ ನಾನು ಬರೆಯಬಾರದಿತ್ತು. ಓಣಿ ಮರೆಯಲು ಹೊರಟವಳು ಬುಟ್ಟಿಯನ್ನೂ ಮರೆತಿದ್ದೆ. ಅರವತ್ತಮೂರು ಹೆಂಗಸರು ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದೇ ಪಡಸಾಲೆಯಲ್ಲಿ ಮಿಸುಕಾಡದೆ ಕೂತಿದ್ದಾರೆ ಎಂದು ಯಂತ್ರ ತಿಳಿದಿತ್ತು.

"ಕಾಶವ್ವಾ" ಎಂದೆ. ಆ ಹೆಸರು ಕರೆದು ಹನ್ನೆರಡು ವರ್ಷವಾಗಿತ್ತು.

"ಈಗ ಗುರ್ತಾ ಹಿಡೀಬಹುದೇನ್?" ಎಂದಳು. ಬೈಯಲಿಲ್ಲ. "ಹಸದೀಯೇನ್, ನೀಲಿ? ಮದ್ಲ ಉಣ್ಣು. ಬೈಗಳ ಎಲ್ಲಿ ಹೊಕ್ಕಾವ, ಅವು ಇಲ್ಲೇ ಇರ್ತಾವ."

ಉಂಡ ಮೇಲೆ ಗಂಟು ಬಿಚ್ಚಿ ಕೌದಿ ಹಾಸಿದಳು. ನಮ್ಮ ಕಡೆ ಹಳೆ ಸೀರೆ, ಕುಪ್ಪಸದ ತುಂಡುಗಳನ್ನು ಸೇರಿಸಿ ಹೊಲಿಯುವ ಹೊದಿಕೆ, ಪ್ರತಿ ಮನೆಯಲ್ಲೂ ಇರುವಂಥದು. ಆದರೆ ಇದು ಸಂಘದ ದಫ್ತರ. ಕಾಶವ್ವನಿಗೆ ಅಕ್ಷರ ಬರುವುದಿಲ್ಲ. ಬರೆದಿಟ್ಟ ಹೆಸರು ಯಾರ ಕೈಗಾದರೂ ಸಿಗುತ್ತದೆ ಎಂಬ ಭಯವೂ ಅವಳಿಗಿತ್ತು. ಹಾಗಾಗಿ ಸಂಘಕ್ಕೆ ಬಂದವರೆಲ್ಲ ತಮ್ಮದೊಂದು ಬಟ್ಟೆಯ ತುಂಡು ಕೊಡುತ್ತಾರೆ. ಅದು ಯಾರದೆಂದು ಅವರಿಗೆ ಗೊತ್ತು, ಕಾಶವ್ವನಿಗೆ ಗೊತ್ತು. ಸೂಜಿ ಹಾಕಿಸಿಕೊಂಡಾಗ ತುಂಡಿನ ಮೇಲೆ ಬಿಳಿ ದಾರದ ಒಂದು ಹೊಲಿಗೆ. ಸೂಜಿ ಬರುವ ಮೊದಲು, ಆರು ತಿಂಗಳು ಮಾತ್ರೆ ತಪ್ಪದೆ ನುಂಗಿದ್ದಕ್ಕೆ ಒಂದು. ತಪ್ಪಿಸಿದರೆ ಆ ಜಾಗ ಖಾಲಿ. ಹೆದ್ದಾರಿಗೆ, ಕಾರ್ಖಾನೆ ರಸ್ತೆಗೆ ಹೋದ ವಾರಕ್ಕೆ ಕೆಂಪು ದಾರ. ಮನೆಗೆ ಊಟ, ಆರೈಕೆ ಬೇಕಾದವರಿಗೆ ಹಳದಿ. ಸತ್ತವರ ತುಂಡಿನ ಸುತ್ತ ಕರಿ ದಾರ.

ಪೊಲೀಸರು ಎರಡು ಸಲ ಸಂಘದ ಮನೆ ಜಾಲಾಡಿದ್ದರು. ಎರಡೂ ಸಲ ಅವರು ಕೂತದ್ದು ಈ ಕೌದಿಯ ಮೇಲೆಯೇ.

ನೀಲಿ ಹೂವಿನ ಒಂದು ತುಂಡಿನ ಸುತ್ತ ಕರಿ ದಾರವಿತ್ತು. ಅದು ನನ್ನವ್ವನ ಸೀರೆ. ಅದಕ್ಕೆ ಅಂಟಿಕೊಂಡೇ ಒಂದು ಗಿಳಿಹಸಿರು ತುಂಡು, ನಾನು ಎರಡು ವರ್ಷದವಳಿದ್ದಾಗಿನ ಫ್ರಾಕು. ಅದರ ಮೇಲೆ ಬಿಳಿ ಹೊಲಿಗೆಗಳ ಸಾಲು ನನ್ನ ಇಪ್ಪತ್ತನೇ ವಯಸ್ಸಿನವರೆಗೆ ಬಂದು ನಿಂತುಬಿಟ್ಟಿತ್ತು.

"ಆಮ್ಯಾಲ ನನಗ ಗೊತ್ತಾಗಲಿಲ್ಲ" ಎಂದಳು ಕಾಶವ್ವ. "ತಗೊಂಡ್ಯೋ ಇಲ್ಲೋ. ಮಂದಿ ಏನೇನೋ ಅಂದ್ರು. ಆದ್ರ ಕರೀ ದಾರ ಹಾಕಿಲ್ಲ ನೋಡು. ಕೈ ಬರಲಿಲ್ಲ."

ನಾನು ಅತ್ತೆ. ಅವಳು ಬೇಳೆಯ ಉಪ್ಪು ನೋಡಲು ಎದ್ದು ಹೋದಳು.

ಕೌದಿಯ ಫೋಟೋ ತೆಗೆಯಲು ಅವಳು ಬಿಡಲಿಲ್ಲ. "ಎಣಿಸ್ಕೊ. ಮೊತ್ತ ಒಯ್ಯಿ, ಹೆಸರು ಒಯ್ಯಬ್ಯಾಡ" ಎಂದಳು. ಎರಡು ದಿನ ಮೊಣಕಾಲೂರಿ, ಓಣಿಯ ನಾಲ್ವರು ಹೆಂಗಸರ ಜೊತೆ ಹೊಲಿಗೆ ಎಣಿಸಿದೆ. ಯಂತ್ರ ಕಟ್ಟಲು ನಾನು ಓದಿದ ಗಣಿತವೆಲ್ಲ ಅಲ್ಲಿ ಬೆರಳ ತುದಿಗೆ ಇಳಿಯಿತು. ಕೆಂಪು ಹೊಲಿಗೆ ಯಾವ ವರ್ಷವೂ ಕಡಿಮೆಯಾಗಿರಲಿಲ್ಲ, ಕಬ್ಬಿನ ಕಾಲದಲ್ಲಂತೂ ದುಪ್ಪಟ್ಟು. ಆದರೆ ನನ್ನ ತುಂಡೊಂದನ್ನು ಬಿಟ್ಟರೆ ಕಳೆದ ಆರು ವರ್ಷಗಳಲ್ಲಿ ಬಿಳಿ ಹೊಲಿಗೆಯ ಸಾಲಿನಲ್ಲಿ ಖಾಲಿ ಜಾಗ ಒಂದೂ ಇರಲಿಲ್ಲ. ಕಾರ್ಖಾನೆ ರಸ್ತೆಯಲ್ಲಿ ಉಳಿದವರನ್ನು ಪಾಳಿಯ ದಿನ ಹುಡುಕಿಕೊಂಡು ಹೋಗಿ ಕರೆತಂದಿದ್ದರು. ಒಮ್ಮೆ ವ್ಯಾನನ್ನೇ ಕಬ್ಬಿನ ಗದ್ದೆಗೆ ಒಯ್ದಿದ್ದರು.

ಸಭೆಯ ದಿನ ಕಾಶವ್ವನೂ ಕೌದಿಯೊಡನೆ ಬಂದು ನಿಯಂತ್ರಣ ಕೊಠಡಿಯಲ್ಲಿ ಕೂತಳು. ಬುಟ್ಟಿಯ ವಿಷಯ ಹೇಳಿದೆ. ನನ್ನ ಸೂತ್ರ ತಪ್ಪು ಎಂದೆ. ಕೌದಿಯ ಮೊತ್ತಗಳನ್ನು ಮುಂದಿಟ್ಟೆ. ಸಮಿತಿಯ ಆರು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

ಚಿದಂಬರ ನಗಲಿಲ್ಲ. "ನೀಲಾಂಬಿಕಾ, ಹೊಲಿಗೆನ ಪುರಾವೆ ಅಂತ ನಾನು ಬರ್ಕೊಳ್ಬೇಕಾದ್ರೆ ಒಂದಾದ್ರೂ ತಾಳೆ ನೋಡ್ಬೇಕಲ್ವಾ? ಸಂಘದ ಮನೆ ಉಳಿಸ್ಕೊಳ್ಳೋಕೆ ನಿನ್ನೆ ಮೊನ್ನೆ ಹೊಲಿದದ್ದಲ್ಲ ಅಂತ ಹೇಗೆ ಗೊತ್ತಾಗುತ್ತೆ? ಒಂದೇ ಒಂದು ತುಂಡು ಯಾರದು ಅಂತ ಹೇಳಿ. ಅವರ ಆಸ್ಪತ್ರೆ ದಾಖಲೆ ಜೊತೆ ಹೋಲಿಸಿ ನೋಡೋಣ."

ಕಾಶವ್ವ ಎದ್ದು ನಿಂತಳು. "ಒಂದು ಹೆಸರೂ ಹೇಳಂಗಿಲ್ರಿ. ಸಂಘದ ಮನಿ ಮುಚ್ಚತೀರೇನ್, ಮುಚ್ರಿ. ಸೂಜಿಗೆ ನಾವು ಬ್ಯಾರೆ ದಾರಿ ಹುಡಿಕ್ಕೋತೀವಿ. ಮೂವತ್ತು ವರ್ಷ ಬಾಯಿ ಬಿಟ್ಟಿಲ್ಲ, ಇವತ್ತು ಬಿಡೂದಿಲ್ಲ."

ಕೌದಿ ಮಡಚತೊಡಗಿದಳು. ಆ ಕೈಗಳನ್ನು ನೋಡಿದೆ. ನಕ್ಷೆಯಲ್ಲಿ ಬನಹಳ್ಳ ಬೆಳ್ಳಗೆ ಹೊಳೆಯುತ್ತಿತ್ತು. ಇನ್ನೂರ ಹನ್ನೊಂದು ಜನರ ಸೂಜಿ, ಮೂವರ ಊಟದ ಡಬ್ಬಿ, ಅಲ್ಲಿಯ ಎಲ್ಲವೂ ಒಂದು ಹೆಸರಿಗೆ ಕಾಯುತ್ತಿದ್ದವು. ಕೊಡಬಹುದಾದ ಹೆಸರು ಆ ಕೊಠಡಿಯಲ್ಲಿ ಒಂದೇ ಇತ್ತು, ಅದನ್ನು ಕೊಡುವ ಹಕ್ಕೂ ನನಗೊಬ್ಬಳಿಗೇ ಇತ್ತು.

"ಮಡಚಬ್ಯಾಡ, ಕಾಶವ್ವಾ" ಎಂದೆ.

ಆಫೀಸಿನಲ್ಲಿ ನಾನು ನಮ್ಮ ಓಣಿಯ ಮಾತು ಆಡಿದ್ದು ಅದೇ ಮೊದಲು. ಕಾಶವ್ವ ನನ್ನ ಮುಂಗೈ ಹಿಡಿದು, "ಬ್ಯಾಡ ನೀಲಿ. ನಿನ್ನ ಗುಟ್ಟು ನಿಂದು. ಅದನ್ನ ಯಾರೂ ಕೇಳಿಲ್ಲ" ಎಂದು ಮೆಲ್ಲಗೆ ಹೇಳಿದಳು.

"ಕೇಳಿಲ್ಲ ಅಂತನ ಹೇಳತೀನಿ."

ಸಮಿತಿಯ ಕಡೆ ತಿರುಗಿದೆ. "ಈ ಗಿಳಿಹಸಿರು ತುಂಡು ನನ್ನದು. ನಾನು ಹೊಳೆ ಓಣಿಯವಳು. ಪಕ್ಕದಲ್ಲಿರುವುದು ನನ್ನ ತಾಯಿಯ ಸೀರೆ. ಅವಳು ಹೆದ್ದಾರಿಯಲ್ಲಿ ದುಡಿದು ನನ್ನನ್ನು ಸಾಕಿದಳು. ಎಚ್‌ಐವಿ ಹುಟ್ಟಿನಿಂದ ನನ್ನ ಜೊತೆಗಿದೆ. ನಾನು ಬದುಕಿರುವುದು, ಓದಿದ್ದು, ನಿಮಗೆ ಈ ಯಂತ್ರ ಕಟ್ಟಿಕೊಟ್ಟದ್ದು ಈ ಸಂಘದಿಂದ. ಎರಡನೇ ವಯಸ್ಸಿನಿಂದ ಇಪ್ಪತ್ತರವರೆಗೆ ಮೂವತ್ತಾರು ಪಾಳಿ. ಎಣಿಸಿ ನೋಡಿ."

ಧ್ವನಿ ನಡುಗೀತು ಎಂದುಕೊಂಡಿದ್ದೆ. ನಡುಗಲಿಲ್ಲ. ಹನ್ನೆರಡು ವರ್ಷ ಹೊತ್ತ ಭಾರ ಇಷ್ಟು ಸುಲಭಕ್ಕೆ ಇಳಿಯುವುದಾಗಿದ್ದರೆ ಮೊದಲೇ ಇಳಿಸಬಹುದಿತ್ತಲ್ಲ ಎಂದು ಸಿಟ್ಟೇ ಬಂತು.

ನಾನೇ ಒಪ್ಪಿಗೆ ಕೊಟ್ಟು ನನ್ನ ಹಳೆಯ ದಾಖಲೆ ತೆರೆಸಿದೆ. ಚಿದಂಬರ ಕನ್ನಡಕ ಏರಿಸಿ, ಕೌದಿಯ ಮುಂದೆ ಮೊಣಕಾಲೂರಿ, ಬೆರಳಿಟ್ಟು ಎಣಿಸಿದರು. ಇಪ್ಪತ್ತೇಳು ಹೊಲಿಗೆಯಾದ ಮೇಲೆ ಅವರ ಬೆರಳು ನಿಂತಿತು.

"ಇಲ್ಲೊಂದು ಖಾಲಿ ಇದೆ. ಇಪ್ಪತ್ತೆಂಟನೇದು."

ಪರದೆಯ ಮುಂದೆ ಕೂತಿದ್ದವನು ದಾಖಲೆ ಓದಿದ: "ಇಪ್ಪತ್ತೆಂಟನೇ ಪಾಳಿ, ಔಷಧಿ ನಿಲ್ಲಿಸಿದ್ದಾರೆ ಸರ್. ಮುಂದಿನ ಪಾಳಿಯಿಂದ ಮತ್ತೆ ಶುರು."

ಹತ್ತನೇ ಇಯತ್ತೆಯಲ್ಲಿ ಗೆಳತಿಯೊಬ್ಬಳ ಮನೆಯಲ್ಲಿ ನನಗೆ ಬೇರೆ ಲೋಟದಲ್ಲಿ ನೀರು ಕೊಟ್ಟರು. ಆ ಸಿಟ್ಟಿಗೆ ನಾನು ಮಾತ್ರೆಗಳನ್ನು ಹೊಳೆಗೆ ಎಸೆದಿದ್ದೆ. ಕಾಶವ್ವ ನನ್ನ ಕಾಲು ಹಿಡಿದು ಬೇಡಿಕೊಂಡಿದ್ದಳು. ಅಷ್ಟೆಲ್ಲ ಪ್ರೀತಿ ಇದ್ದರೂ ನಾನು ನುಂಗದ ಮಾತ್ರೆಗೆ ಅವಳು ಹೊಲಿಗೆ ಹಾಕಿರಲಿಲ್ಲ.

ಚಿದಂಬರ ಎದ್ದು ನಿಂತರು, ಮೊಣಕಾಲಿನ ಧೂಳು ಕೂಡ ಝಾಡಿಸಿಕೊಳ್ಳಲಿಲ್ಲ. "ನಮ್ಮ ಆಸ್ಪತ್ರೆ ದಾಖಲೆಗಳು ಇಷ್ಟು ಪ್ರಾಮಾಣಿಕವಾಗಿದ್ರೆ ಸಾಕಿತ್ತು. ಹಾಕಿ ಇವರ ಲೆಕ್ಕನ" ಎಂದರು.

ಫೋನಿನ ಚುಕ್ಕೆಗಳನ್ನು ತೆಗೆದು ಕೆಂಪು ಹೊಲಿಗೆಗಳ ಮೊತ್ತ ಹಾಕಿದೆ. ಬನಹಳ್ಳ ಮೊದಲು ಹಳದಿಯಾಯಿತು, ಆಮೇಲೆ ಕೆಂಪಾಯಿತು, ಆಮೇಲೆ ಜಿಲ್ಲೆಯಲ್ಲೇ ಎಲ್ಲಕ್ಕಿಂತ ಕಡುಗೆಂಪಾಯಿತು. ಈ ಅಪಾಯಕ್ಕೆ ವರ್ಷಕ್ಕೆ ನಲವತ್ತು ಹೊಸ ಸೋಂಕು ಆಗಬೇಕು ಎಂದು ಮುನ್ನೋಟ ಹೇಳಿತು. ಆಸ್ಪತ್ರೆಯ ಮೊತ್ತದಲ್ಲಿ ಇದ್ದದ್ದು ಸೊನ್ನೆ. ಯಂತ್ರ ಮೂರು ಸಲ ಲೆಕ್ಕ ಹಾಕಿ, ಎಲ್ಲೋ ತಪ್ಪಿದೆ, ಪರಿಶೀಲಿಸಿ ಎಂದು ಬರೆದುಕೊಂಡು ನಿಂತಿತು.

"ತಪ್ಪಿಲ್ಲ" ಎಂದೆ. ನನ್ನ ಕಣ್ಣು ತುಂಬಿತ್ತು, ಎದೆಯೂ ಉಬ್ಬಿತ್ತು. "ಅಪಾಯ ಇಲ್ಲದ್ದಕ್ಕೆ ಸೊನ್ನೆಯಾದದ್ದಲ್ಲ ಸರ್. ಆಗಬೇಕಿದ್ದ ನಲವತ್ತನ್ನು ಪ್ರತಿ ವರ್ಷ ಈ ಹೆಂಗಸರು ಕೈಯಿಂದ ತಡೆದು ನಿಲ್ಲಿಸಿದ್ದಾರೆ. ಯಂತ್ರಕ್ಕೆ ಅದನ್ನು ತೋರಿಸಲು ಬಣ್ಣವೇ ಇಲ್ಲ."

ಯಾರೂ ನಗಲಿಲ್ಲ. ಚಿದಂಬರ ಕಾಶವ್ವನ ಕಡೆ ತಿರುಗಿ ಕೈಮುಗಿದರು. "ಯಾವ ಬಣ್ಣ ಇಡೋಣಮ್ಮ? ನೀವೇ ಹೇಳಿ."

ಕಾಶವ್ವ ಬಹಳ ಯೋಚಿಸಲಿಲ್ಲ. ಕೌದಿಯ ಮೇಲೆ ಬೆರಳಿಟ್ಟು, "ಇದನ್ನ ಇಡ್ರಿ" ಎಂದಳು.

ಅಂದಿನಿಂದ ಗೋಡೆಯ ನಕ್ಷೆಯಲ್ಲಿ ನಾಲ್ಕು ಬಣ್ಣ. ಜನ ತಾವೇ ದುಡಿದು ರೋಗ ತಡೆದ ಊರು ಗಿಳಿಹಸಿರು. ಅಂಥ ಊರಿನ ಯೋಜನೆಯನ್ನು ಆ ಊರಿನ ಸಂಘವೇ ಮಾಡಬೇಕು, ನಾವು ಅವರು ಕೇಳಿದ್ದನ್ನು ಮುಟ್ಟಿಸಬೇಕು, ಹೆಸರು ಕೇಳಬಾರದು. ಸಮಿತಿ ಅದೇ ದಿನ ಸಹಿ ಹಾಕಿತು. ಆಫೀಸಿನಲ್ಲಿ ಒಂದಿಬ್ಬರು ನನ್ನ ಲೋಟ ಮುಟ್ಟುವುದನ್ನು ಬಿಟ್ಟರು. ನಾನು ಅವರಿಗೆ ನಾನೇ ಚಹಾ ಮಾಡಿ ಒಯ್ದುಕೊಟ್ಟೆ. ಒಬ್ಬರು ಕುಡಿದರು. ಇನ್ನೊಬ್ಬರೂ ಕುಡಿದಾರು.

ಸಂಕ್ರಾಂತಿಯ ಹಿಂದಿನ ವಾರ ಬನಹಳ್ಳದಲ್ಲಿ ಸೂಜಿಯ ಪಾಳಿ. ಬೆಳಿಗ್ಗೆಯೇ ಬಸ್ಸು ಹತ್ತಿದೆ. ಹಿತ್ತಲಲ್ಲಿ ಸಜ್ಜೆ ರೊಟ್ಟಿ ತಟ್ಟುವ ಸದ್ದು, ಪಡಸಾಲೆಯ ತುಂಬ ಜನ, ಬುಟ್ಟಿಯ ತುಂಬ ಫೋನು. ಇನ್ನೂರ ಹನ್ನೊಂದು ಜನರ ಹಿಂದೆ ನಾನೂ ಪಾಳಿ ಹಚ್ಚಿ ತೋಳು ಕೊಟ್ಟೆ.

ಆಮೇಲೆ ಕಾಶವ್ವ ಕೌದಿ ಹಾಸಿದಳು. ಹನ್ನೆರಡು ವರ್ಷ ಬೇರೆ ಊರಿನಲ್ಲಿ ಹಾಕಿಸಿಕೊಂಡ ಸೂಜಿಗಳ ಕಾಗದ ಅವಳ ಮುಂದಿಟ್ಟೆ. ಓದಲು ಬಾರದಿದ್ದರೂ ಒಂದೊಂದೇ ಮುದ್ರೆಯ ಮೇಲೆ ಬೆರಳಾಡಿಸಿ ಇಪ್ಪತ್ನಾಲ್ಕು ಎಣಿಸಿದಳು. ಆಮೇಲೆ ದಬ್ಬಣದಂಥ ದಪ್ಪ ಸೂಜಿಗೆ ಬಿಳಿ ದಾರ ಪೋಣಿಸಿ ನನ್ನ ಕೈಗೆ ಕೊಟ್ಟಳು. "ನೀನ ಹಾಕು" ಎಂದಳು.

ಹೊಲಿಗೆ ನನಗೆ ಬರುವುದಿಲ್ಲ. ಎರಡು ಸಲ ಬೆರಳು ಚುಚ್ಚಿಕೊಂಡೆ. ಗಿಳಿಹಸಿರಿನ ಮೇಲೆ ಇಪ್ಪತ್ನಾಲ್ಕು ಹಾಕಿ, ಇವತ್ತಿನದೆಂದು ಇನ್ನೊಂದು ಹಾಕಿ ದಾರ ಕಡಿದೆ.

ಕಾಶವ್ವ ಕೌದಿಯನ್ನು ಕಣ್ಣಿನ ಹತ್ತಿರ ಹಿಡಿದು ಒಂದೊಂದನ್ನೂ ನೋಡಿದಳು. "ಎಲ್ಲಾ ಸೊಟ್ಟ ಆಗ್ಯಾವ" ಎಂದಳು. ಆಮೇಲೆ ಅಂಗೈಯಿಂದ ಆ ಸಾಲನ್ನು ನೇವರಿಸಿ, ಪಡಸಾಲೆಯಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದಳು: "ಆದ್ರ ಈ ಹನ್ನೆರಡು ವರ್ಷ ನನ್ನ ಮಗಳು ಒಂದೂ ತಪ್ಪಿಸಿಲ್ಲ ನೋಡ್ರೇ."